ಕಾರಿಗೊಂದು ಜೋಡಿ ಉಪದೀಪ

ಇರುಳಿನಲ್ಲಿ ಕಾರು ಓಡಿಸುವವರು ಹೆಡ್‌ಲೈಟು ಸಾಲದೆಂದು ಗೊಣಗುವುದು ಹೊಸ ಸಂಗತಿಯೇನಲ್ಲ; ಆದರೆ ಆ ಕೊರತೆಯನ್ನು ನೀಗಿಸಿಕೊಳ್ಳಲೆಂದು ಅಂಗಡಿಯ ಮೆಟ್ಟಿಲು ಹತ್ತಿದವರು ಎಷ್ಟು ವ್ಯಾಟು, ಎಷ್ಟು ಲ್ಯೂಮೆನ್ ಎಂದು ವಿಚಾರಿಸುವರೇ ವಿನಾ, ಆ ಬೆಳಕು ಹೋಗಿ ಬೀಳುವುದೆಲ್ಲಿ ಎಂದು ಕೇಳುವುದು ವಿರಳ. ಉಪದೀಪದ ಯೋಗ್ಯತೆ ನಿರ್ಣಯವಾಗತಕ್ಕದ್ದಾದರೋ ಈ ಪ್ರಶ್ನೆಯಿಂದಲೇ.

ಅದಕ್ಕೂ ಮುನ್ನ ಇರುವ ದೀಪದ ಸ್ಥಿತಿಗತಿಯನ್ನು ನೋಡಿಕೊಳ್ಳುವುದು ವಿವೇಕ. ಅನೇಕ ಹ್ಯಾಲೊಜನ್ ಕಾರುಗಳಲ್ಲಿರುವ ಎಚ್‌4 ಬಲ್ಬು ಹೈಬೀಮಿನಲ್ಲಿ 60, ಡಿಪ್ಪಿನಲ್ಲಿ 55 ವ್ಯಾಟಿನದು. ಅದಕ್ಕೆ ಸಲ್ಲಬೇಕಾದ ವೋಲ್ಟೇಜು ಶೇಕಡಾ 10ರಷ್ಟು ಕುಗ್ಗಿದರೆ ಬೆಳಕು ಸುಮಾರು ಶೇಕಡಾ 30ರಷ್ಟು ಕುಗ್ಗಿಹೋಗುತ್ತದೆ. ಎಂಜಿನು ಓಡುತ್ತ, ದೀಪ ಉರಿಯುತ್ತಿರುವಾಗ ಬ್ಯಾಟರಿಯ ಬಳಿ ಒಮ್ಮೆ, ಬಲ್ಬಿನ ಹೋಲ್ಡರಿನ ಬಳಿ ಒಮ್ಮೆ ಮೀಟರು ಹಿಡಿದು ನೋಡಿ, ಒಂದು ವೋಲ್ಟಿಗಿಂತ ಮಿಗಿಲಾದ ಅಂತರ ಕಂಡುಬಂದರೆ ದೋಷವಿರುವುದು ತಂತಿಯಲ್ಲಿ ಇಲ್ಲವೆ ತುಕ್ಕುಹಿಡಿದ ಅರ್ತಿಂಗಿನಲ್ಲಿ. ಹೊರಗವಚ ಬಿಸಿಲಿಗೆ ಹಳದಿಯಾಗಿ ಮಸುಕಾಗಿದ್ದರೆ ಅದನ್ನು ಪಾಲಿಷ್ ಮಾಡಿಸಿದ ಮಾತ್ರಕ್ಕೆ ಹೊಸ ದೀಪದ ಹಂಬಲ ಎಷ್ಟೋ ಸಲ ತಾನಾಗಿ ಶಮನವಾಗುತ್ತದೆ.

ಹಾಗಾಗದಿದ್ದಲ್ಲಿ ಆರಿಸಿಕೊಳ್ಳತಕ್ಕ ದೀಪಗಳು ಮುಖ್ಯವಾಗಿ ಎರಡು ಬಗೆ. ದೂರಗಾಮಿ ದೀಪವು ಕಿರಿದಾದ ಕಿರಣಪುಂಜವನ್ನು ಬಹುದೂರ ಚಾಚುವಂಥದು. ಗಂಟೆಗೆ 80 ಕಿಲೋಮೀಟರು ವೇಗದ ಕಾರು ಸೆಕೆಂಡಿಗೆ 22 ಮೀಟರು ಸಾಗುವುದರಿಂದ, ಚಾಲಕನ ಮನಸ್ಸು ಎಚ್ಚೆತ್ತು ಕಾಲು ಬ್ರೇಕನ್ನು ಮುಟ್ಟುವ ಒಂದೂವರೆ ಸೆಕೆಂಡಿನಲ್ಲೇ 33 ಮೀಟರು ಕಳೆದು, ಒಣರಸ್ತೆಯಲ್ಲಿಯೂ ನಿಲ್ಲುವ ಹೊತ್ತಿಗೆ 70 ಮೀಟರಿನ ಆಸುಪಾಸು ಸಂದಿರುತ್ತದೆ. ಡಿಪ್ಪಿನ ಬೆಳಕು ಅಷ್ಟು ದೂರ ಸ್ಪಷ್ಟವಾಗಿ ತಲುಪದಿರುವುದೇ ಹೆಚ್ಚು. ಆದಕಾರಣ ನೇರವಾದ ನಿರ್ಜನ ಹೆದ್ದಾರಿಯಲ್ಲಿ ಇಂಥ ದೀಪಕ್ಕೆ ಅರ್ಥವುಂಟು. ಆದರೆ ಎದುರಿನಿಂದ ಬರುವವನ ಕಣ್ಣಿಗೆ ಅದು ಪ್ರಹಾರವಾಗುವುದರಿಂದ, ಡಿಪ್ ಮಾಡಿದೊಡನೆ ತಾನೂ ಆರುವಂತೆ ಹೈಬೀಮಿನ ಸ್ವಿಚ್ಚಿನ ಅಂಕೆಗೇ ಅದನ್ನು ಒಳಪಡಿಸತಕ್ಕದ್ದು. ಬಾನೆಟ್ಟಿನ ಮುಂದಿನ ಹತ್ತು ಮೀಟರನ್ನು ಹಗಲಾಗಿಸುವ ದೀಪಗಳ ಮೋಹವೂ ಸಲ್ಲದು. ಹತ್ತಿರದ ನೆಲ ಅತಿಯಾಗಿ ಬೆಳಗಿದಷ್ಟೂ ಕಣ್ಣಿನ ಪಾಪೆ ಸಂಕುಚಿಸಿ, ದೂರದ ಎಮ್ಮೆ ಕತ್ತಲೆಯಲ್ಲೇ ಉಳಿಯುತ್ತದೆ.

ಇನ್ನು ಮಂಜಿನ ದೀಪ, ಅಂದರೆ ಫಾಗ್ ಲ್ಯಾಂಪು. ಮಳೆಗಾಲದಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಗೆ ಇಳಿದವರು ಬಲ್ಲರು: ಹೈಬೀಮು ಹಾಕಿದೊಡನೆ ಮುಂದೆ ಬಿಳಿಯ ಗೋಡೆಯೊಂದು ಎದ್ದುನಿಲ್ಲುತ್ತದೆ, ಡಿಪ್ಪಿಗೆ ಬಂದೊಡನೆ ರಸ್ತೆಯಂಚಿನ ಬಿಳಿಗೆರೆ ಮೆಲ್ಲನೆ ಮೂಡುತ್ತದೆ. ಮೇಲಕ್ಕೆ ಹೋದ ಬೆಳಕು ಮಂಜಿನ ಹನಿಗಳಿಂದ ಚದುರಿ ನಮ್ಮ ಕಣ್ಣಿಗೇ ಮರಳುವುದೇ ಇದಕ್ಕೆ ಕಾರಣ. ಆದ್ದರಿಂದ ಒಳ್ಳೆಯ ಫಾಗ್ ಲ್ಯಾಂಪಿನ ಲಕ್ಷಣವೆಂದರೆ ಕಿರಣದ ಮೇಲಂಚು ಕತ್ತರಿಸಿದಂತೆ ಸಮನಾಗಿದ್ದು, ಎಡಬಲಗಳಿಗೆ ವಿಶಾಲವಾಗಿ ಹರಡಿ, ಬಂಪರಿನ ಕೆಳಮಟ್ಟದಿಂದ ನೆಲಕ್ಕಂಟಿಕೊಂಡು ಸಾಗುವುದು. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುವುದೆಂಬ ನಂಬಿಕೆ ಮಾತ್ರ ನಿರಾಧಾರ. ಮಂಜಿನ ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಅನೇಕ ಪಟ್ಟು ದೊಡ್ಡವಾದ್ದರಿಂದ ಎಲ್ಲ ವರ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿಯೇ ಚದುರಿಸುತ್ತವೆ. ಫ್ರಾನ್ಸ್ ದೇಶವು 1930ರ ದಶಕದಿಂದ 1993ರವರೆಗೆ ಹಳದಿ ಹೆಡ್‌ಲೈಟನ್ನೇ ಕಡ್ಡಾಯಗೊಳಿಸಿದ್ದುಂಟು. ನೀಲಿಯಂಶವಿಲ್ಲದ ಬೆಳಕು ಕಣ್ಣಿಗೆ ಹಿತವೆಂಬಷ್ಟರ ಮಟ್ಟಿಗೆ ಆ ವರ್ಣವನ್ನು ಮೆಚ್ಚಬಹುದು.

55 ವ್ಯಾಟಿನ ಎರಡು ದೀಪಗಳು 12 ವೋಲ್ಟಿನಲ್ಲಿ 9 ಆಂಪಿಯರಿಗೂ ಮಿಕ್ಕ ವಿದ್ಯುತ್ತನ್ನು ಸೆಳೆಯುತ್ತವೆ. ಹೆಡ್‌ಲೈಟಿನ ತಂತಿಯಿಂದಲೇ ಕವಲೊಡೆಸಿ ಟೇಪು ಸುತ್ತಿಕೊಡುವ ಕೆಲಸಗಾರನಿಗೆ ಕೈಮುಗಿದು ಹೊರಟುಬರುವುದು ಮೇಲು. ಬ್ಯಾಟರಿಯಿಂದ ಫ್ಯೂಸು, ರಿಲೇಗಳ ಮೂಲಕ ಪ್ರತ್ಯೇಕ ತಂತಿಯೇ ಬರಬೇಕು. ಎಲ್‌ಇಡಿ ದೀಪಗಳು ಕಡಮೆ ವಿದ್ಯುತ್ತಿನಲ್ಲಿ ಉರಿಯುವುದು ನಿಜವಾದರೂ, ಹ್ಯಾಲೊಜನ್ ತಂತುವಿಗಾಗಿ ರೂಪಿಸಿದ ಪ್ರತಿಫಲಕದೊಳಗೆ ಅಗ್ಗದ ಎಲ್‌ಇಡಿ ಬಲ್ಬನ್ನು ತುರುಕಿದರೆ ಬೆಳಕಿನ ನೆಲೆ ತಪ್ಪಿ ಕಿರಣ ಕಂಡಲ್ಲಿಗೆ ಚೆಲ್ಲುತ್ತದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ವಿಶೇಷ ಸಂದರ್ಭದಲ್ಲಿ ನೋಂದಣಿ ಪ್ರಾಧಿಕಾರದ ಪೂರ್ವಾನುಮತಿ ಪಡೆದ ಹೊರತು, ವಾಹನದ ಮುಂಭಾಗಕ್ಕೆ ಸ್ಪಾಟ್‌ಲೈಟನ್ನಾಗಲಿ ಸರ್ಚ್‌ಲೈಟನ್ನಾಗಲಿ ಅಳವಡಿಸುವಂತಿಲ್ಲ. ಛಾವಣಿಯ ಮೇಲೆ ಎಲ್‌ಇಡಿ ಪಟ್ಟಿ ಬಿಗಿಸುವ ಉತ್ಸಾಹಿಗಳು ಇದನ್ನು ಒಮ್ಮೆ ಓದಿಕೊಳ್ಳಲಿ. ಘಾಟಿಯಲ್ಲಿ ಓಡಾಡುವ ಸಂಸಾರವಂದಿಗರ ಕಾರಿಗೆ ಸರಿಯಾದ ವೈರಿಂಗಿನ ಒಂದು ಜೋಡಿ ಫಾಗ್ ಲ್ಯಾಂಪು ಧಾರಾಳವಾಗಿ ಸಾಕು. ಮಿಕ್ಕ ಹಣದಲ್ಲಿ ವೈಪರಿನ ರಬ್ಬರು ಬದಲಾಯಿಸಿಕೊಳ್ಳಿ.