ಪ್ರಶಸ್ತಿಯ ಮುದ್ರೆ ಮತ್ತು ನೆರೆಯವನ ಹೆಸರು

ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಮಗುವಿಗಾಗಲಿ, ಕ್ರಿಸ್ಮಸ್ ಹಬ್ಬಕ್ಕಾಗಲಿ ಪುಸ್ತಕವನ್ನು ಉಡುಗೊರೆಯಾಗಿ ಕೊಡುವ ಒಳ್ಳೆಯ ರೂಢಿ ನಮ್ಮ ಅನೇಕ ಕುಟುಂಬಗಳಲ್ಲಿದೆ. ಪರದೇಶದಲ್ಲಿರುವ ಬಂಧುಗಳು ತಂದ ಪುಸ್ತಕವಾದರೆ ಅದರ ಮುಖಪುಟದ ಮೇಲೆ ಕೆಲವೊಮ್ಮೆ ನಾಣ್ಯದ ಆಕಾರದ, ಚಿನ್ನದ ಬಣ್ಣದ ಮುದ್ರೆಯೊಂದು ಹೊಳೆಯುತ್ತಿರುತ್ತದೆ. ಅದು ಪ್ರಶಸ್ತಿಯ ಗುರುತು. ಅದನ್ನು ಕಂಡೊಡನೆ ತಂದೆತಾಯಂದಿರಿಗೆ ಸಮಾಧಾನವಾಗುತ್ತದೆ. ಬಲ್ಲವರು ಓದಿ ಒಪ್ಪಿದ್ದಾರೆ, ಇನ್ನು ನಾವು ಪರೀಕ್ಷಿಸಬೇಕಾದುದೇನೂ ಇಲ್ಲವೆಂದು ಭಾವಿಸುತ್ತೇವೆ. ಆದರೆ ಆ ಪುಸ್ತಕ ಭಾರತ, ಚೀನಾ, ಕೊರಿಯಾ ಮುಂತಾದ ಏಷ್ಯಾದ ದೇಶಗಳ ಜನಜೀವನವನ್ನು ಕುರಿತದ್ದಾಗಿದ್ದರೆ, ಆ ಮುದ್ರೆ ಏನನ್ನು ಸಾರುತ್ತದೆ, ಏನನ್ನು ಸಾರುವುದಿಲ್ಲ ಎಂಬುದನ್ನು ಸ್ವಲ್ಪ ವಿಚಾರಮಾಡುವುದು ಒಳಿತು.

ಪ್ಲೇಟೋ ತನ್ನ 'ಯೂಥಿಫ್ರೋ' ಸಂವಾದದಲ್ಲಿ ಸಾಕ್ರಟೀಸನ ಬಾಯಿಂದ ಒಂದು ಪ್ರಶ್ನೆ ಕೇಳಿಸುತ್ತಾನೆ: ಪವಿತ್ರವಾದುದು ಪವಿತ್ರವೆಂಬ ಕಾರಣಕ್ಕೆ ದೇವತೆಗಳಿಗೆ ಪ್ರಿಯವೋ, ಅವರಿಗೆ ಪ್ರಿಯವಾದುದರಿಂದ ಪವಿತ್ರವೋ? ಪುಸ್ತಕಗಳ ವಿಷಯದಲ್ಲಿಯೂ ಇದೇ ಪ್ರಶ್ನೆ ಸಲ್ಲುತ್ತದೆ. ಪುಸ್ತಕ ಒಳ್ಳೆಯದಾದುದರಿಂದ ಪ್ರಶಸ್ತಿ ಬಂದಿತೋ, ಪ್ರಶಸ್ತಿ ಬಂದುದರಿಂದ ಅದು ಒಳ್ಳೆಯದೆನಿಸಿತೋ? ಪ್ರಶಸ್ತಿಯು ಪುಸ್ತಕಕ್ಕೆ ಗುಣವನ್ನು ಸೇರಿಸಲಾರದು, ಇರುವ ಗುಣವನ್ನು ತೋರಿಸಬಲ್ಲದು ಅಷ್ಟೆ. ಇನ್ನೊಂದು ಜನಾಂಗವನ್ನು ಕುರಿತ ಪುಸ್ತಕದಲ್ಲಿ ಮೊದಲು ಹುಡುಕಬೇಕಾದ ಗುಣ ಸತ್ಯ. ಕಥೆಯ ಸೊಗಸು ಆಮೇಲಿನ ಮಾತು.

ಅಮೆರಿಕದ ಗ್ರಂಥಾಲಯ ಸಂಘವು ಮಕ್ಕಳ ಸಾಹಿತ್ಯಕ್ಕೆ ನೀಡುವ ನ್ಯೂಬೆರಿ ಪದಕ 1922ರಲ್ಲಿ ಆರಂಭವಾಯಿತು. ಹದಿನೆಂಟನೆಯ ಶತಮಾನದ ಲಂಡನ್ನಿನ ಪುಸ್ತಕ ವ್ಯಾಪಾರಿ ಜಾನ್ ನ್ಯೂಬೆರಿಯ ಹೆಸರನ್ನು ಅದಕ್ಕೆ ಇಡಲಾಗಿದೆ. ಆರಂಭವಾದ ಆರು ವರ್ಷಗಳಲ್ಲಿಯೇ, ಅಂದರೆ 1928ರಲ್ಲಿ, ಆ ಪದಕ ಬಂಗಾಳದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಧನಗೋಪಾಲ ಮುಖರ್ಜಿಯವರಿಗೆ ದೊರೆಯಿತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. 'ಗೇ-ನೆಕ್' ಎಂಬ ಆ ಪುಸ್ತಕದ ನಾಯಕ ಕಲ್ಕತ್ತೆಯ ಒಂದು ಪಾರಿವಾಳ. ಬಾಲಕನೊಬ್ಬ ಸಾಕಿ ಪಳಗಿಸಿದ ಆ ಹಕ್ಕಿ ಮೊದಲ ಮಹಾಯುದ್ಧದಲ್ಲಿ ಸಂದೇಶವಾಹಕವಾಗಿ ಫ್ರಾನ್ಸಿಗೆ ಹೋಗುತ್ತದೆ. ಅಲ್ಲಿ ಭಯದಿಂದ ಜರ್ಝರಿತವಾಗಿ ಮರಳಿ, ಹಿಮಾಲಯದ ಬೌದ್ಧ ಭಿಕ್ಷುಗಳ ನೆಲೆಯಲ್ಲಿ ಚೇತರಿಸಿಕೊಳ್ಳುತ್ತದೆ. ಇಂಗ್ಲಿಷಿನ ಹೆಸರಿನ ಹಿಂದೆ ಲೇಖಕರು ಹಕ್ಕಿಯ ನಿಜವಾದ ಹೆಸರನ್ನೂ ಕಾಪಾಡಿದ್ದಾರೆ: ಚಿತ್ರಗ್ರೀವ, ಬಣ್ಣಬಣ್ಣದ ಕೊರಳುಳ್ಳದ್ದು. ನೂರು ವರ್ಷಗಳ ಹಿಂದಿನ ಅಮೆರಿಕದ ಮಗುವೊಂದು ಈ ಹೆಸರನ್ನು ಉಚ್ಚರಿಸಲು ಯತ್ನಿಸಿದ್ದರೆ, ಆ ಪದಕ ಸಾರ್ಥಕವಾಯಿತೆಂದೇ ನಮ್ಮ ಭಾವನೆ.

ಎಲ್ಲ ಪುಸ್ತಕಗಳೂ ಹೀಗೆ ಹೆಸರನ್ನು ಗೌರವಿಸಲಿಲ್ಲ. ಮದರಾಸಿನ ಕಡೆ ಹಲವು ವರ್ಷ ಬಾಳಿದ ಸ್ಕಾಟ್ಲೆಂಡಿನ ಮಹಿಳೆ ಹೆಲೆನ್ ಬ್ಯಾನರ್ಮನ್ 1899ರಲ್ಲಿ ಪ್ರಕಟಿಸಿದ ಪುಟ್ಟ ಕಥೆಯಲ್ಲಿ ಹುಲಿಗಳು ಮರದ ಸುತ್ತ ಓಡಿ ಓಡಿ ತುಪ್ಪವಾಗಿ ಕರಗುತ್ತವೆ. ಹುಲಿಯೂ ತುಪ್ಪವೂ ನಮ್ಮವೇ. ಆದರೆ ಬಾಲಕನಿಗೆ ಆಕೆ ಇಟ್ಟ ಹೆಸರು ಸಾಂಬೋ. ಬರೆದ ಚಿತ್ರ ಆಫ್ರಿಕದವರ ವಿಕಾರ ರೂಪ. ಆ ಹೆಸರು ಅಮೆರಿಕದ ಕರಿಯ ಮಕ್ಕಳನ್ನು ಹಂಗಿಸುವ ಮಾತಾಗಿ ಬಳಕೆಯಾಯಿತು. 1996ರಲ್ಲಿ ಫ್ರೆಡ್ ಮಾರ್ಸೆಲಿನೋ ಎಂಬ ಕಲಾವಿದರು ಕಥೆಯನ್ನು ಹಾಗೆಯೇ ಉಳಿಸಿಕೊಂಡು, ಬಾಲಕನಿಗೆ ಬಾಬಾಜಿ ಎಂದು ಹೆಸರಿಟ್ಟು, ಭಾರತದ ಉಡುಗೆತೊಡುಗೆಯ ಚಿತ್ರಗಳನ್ನು ಬರೆದರು. ಹೆಸರು ಮತ್ತು ಮುಖ ಬದಲಾದೊಡನೆ ಕಥೆಯಲ್ಲಿದ್ದ ನೋವಿನ ಮುಳ್ಳು ಹೋಯಿತು.

ಪ್ರಶಸ್ತಿ ಪಡೆದ ಪುಸ್ತಕವೂ ಎಡವಬಹುದು. ಆರ್ಲೀನ್ ಮೋಸೆಲ್ ಬರೆದ 'ಟಿಕ್ಕಿ ಟಿಕ್ಕಿ ಟೆಂಬೋ' ಎಂಬ ಚಿತ್ರಪುಸ್ತಕ 1968ರಲ್ಲಿ ಬಾಸ್ಟನ್ ಗ್ಲೋಬ್-ಹಾರ್ನ್ ಬುಕ್ ಪ್ರಶಸ್ತಿಗೆ ಪಾತ್ರವಾಯಿತು. ಚೀನಾದವರು ಹಿಂದೆ ಹಿರಿಯ ಮಗನಿಗೆ ಮಾರುದ್ದದ ಹೆಸರನ್ನೂ ಕಿರಿಯವನಿಗೆ ಏನೂ ಅಲ್ಲವೆಂಬ ಅರ್ಥದ ತುಂಡು ಹೆಸರನ್ನೂ ಇಡುತ್ತಿದ್ದರೆಂದು ಅದು ಹೇಳುತ್ತದೆ. ಬಾವಿಗೆ ಬಿದ್ದ ಹಿರಿಯವನ ಹೆಸರನ್ನು ಪೂರ್ತಿ ಹೇಳುವಷ್ಟರಲ್ಲಿ ಅವನನ್ನು ಮೇಲೆತ್ತಲು ತಡವಾಗುತ್ತದೆ. ಮಕ್ಕಳು ನಕ್ಕು ನಲಿದರು. ಶಾಲೆಗಳಲ್ಲಿ ದಶಕಗಳ ಕಾಲ ಇದನ್ನು ಗಟ್ಟಿಯಾಗಿ ಓದಲಾಯಿತು. ಆದರೆ ಅಂಥ ಪದ್ಧತಿ ಚೀನಾದಲ್ಲಿಲ್ಲ, ಆ ಹೆಸರು ಚೀನೀ ಭಾಷೆಯದೂ ಅಲ್ಲ. ಕಥೆಯ ಎಳೆ 'ಜುಗೆಮು' ಎಂಬ ಜಪಾನಿನ ಹಾಸ್ಯಕಥೆಯನ್ನು ಹೋಲುತ್ತದೆ. ತರಗತಿಯಲ್ಲಿದ್ದ ಒಬ್ಬನೇ ಚೀನೀ ಬಾಲಕನಿಗೆ ಆ ನಗು ಹೇಗೆ ಕೇಳಿಸಿರಬಹುದೆಂಬುದನ್ನು ನಾವು ಊಹಿಸಿಕೊಳ್ಳಬಹುದು.

ಅಂಥ ಮಗುವಿಗೆ ಬೇರೆ ಪುಸ್ತಕಗಳಾದರೂ ಧಾರಾಳವಾಗಿ ದೊರೆಯುತ್ತಿದ್ದವೇ? ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಮಕ್ಕಳ ಪುಸ್ತಕ ಕೇಂದ್ರವು 2018ರಲ್ಲಿ ಅಮೆರಿಕದ ಮಕ್ಕಳ ಪುಸ್ತಕಗಳನ್ನು ಎಣಿಸಿತು. ನೂರಕ್ಕೆ 50 ಪುಸ್ತಕಗಳಲ್ಲಿ ಮುಖ್ಯ ಪಾತ್ರ ಬಿಳಿಯರದು. 27ರಲ್ಲಿ ಪ್ರಾಣಿಗಳೋ ವಸ್ತುಗಳೋ. 10ರಲ್ಲಿ ಆಫ್ರಿಕ ಮೂಲದವರು. 7ರಲ್ಲಿ ಏಷ್ಯಾ ಮತ್ತು ಪೆಸಿಫಿಕ್ ದ್ವೀಪಗಳ ಮೂಲದವರು. 5ರಲ್ಲಿ ಲ್ಯಾಟಿನ್ ಅಮೆರಿಕ ಮೂಲದವರು. ಒಂದರಲ್ಲಿ ಮಾತ್ರ ಅಮೆರಿಕದ ಮೂಲನಿವಾಸಿಗಳು. ಬಿಳಿಯರಲ್ಲದ ಎಲ್ಲ ಮಕ್ಕಳನ್ನೂ ಕೂಡಿಸಿದರೆ 23. ಕರಡಿ, ಮೊಲ, ಮೋಟಾರು ಬಂಡಿಗಳು 27!

ಈ ಕೊರತೆಯನ್ನು ನೀಗಿಸಲೆಂದೇ ಕೆಲವು ವಿಶೇಷ ಪ್ರಶಸ್ತಿಗಳು ಹುಟ್ಟಿಕೊಂಡವು. ಏಷ್ಯಾ ಮೂಲದ ಅಮೆರಿಕನ್ ಗ್ರಂಥಪಾಲಕರ ಸಂಘ ಒಂದನ್ನು ನೀಡುತ್ತದೆ. ಭಾರತ, ಪಾಕಿಸ್ತಾನ, ನೇಪಾಳ, ಶ್ರೀಲಂಕಾ ಮೊದಲಾದ ದೇಶಗಳ ಜನರನ್ನೂ ಅಲ್ಲಿಂದ ವಲಸೆ ಹೋದವರನ್ನೂ ಕುರಿತ ಪುಸ್ತಕಗಳಿಗಾಗಿ 'ದಕ್ಷಿಣ ಏಷ್ಯಾ ಪುಸ್ತಕ ಪ್ರಶಸ್ತಿ' 2012ರಿಂದ ನೀಡಲ್ಪಡುತ್ತಿದೆ. ಪೂರ್ವ ಮತ್ತು ಆಗ್ನೇಯ ಏಷ್ಯಾವನ್ನು ಕುರಿತ ಪುಸ್ತಕಗಳಿಗೆ ಫ್ರೀಮನ್ ಪ್ರಶಸ್ತಿಯಿದೆ. ಏಷ್ಯಾದ ವಿಷಯದ ಬೋಧನೆಯನ್ನು ಶಾಲೆಗಳಲ್ಲಿ ಉತ್ತೇಜಿಸುವ ಒಕ್ಕೂಟ ಅದರ ಹಿಂದಿದೆ. ಚಿತ್ರಣವು ವಾಸ್ತವಕ್ಕೆ ನಿಷ್ಠವಾಗಿದೆಯೇ ಎಂಬುದು ಇಲ್ಲಿ ತೂಕದ ಒಂದು ಮುಖ್ಯ ಬಟ್ಟು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಒಂದು ಜನಾಂಗವನ್ನು ಕುರಿತು ಬರೆಯಲು ಆ ಜನಾಂಗದವರಿಗೆ ಮಾತ್ರ ಹಕ್ಕಿದೆಯೇ? ಹಾಗೇನೂ ಇಲ್ಲ. 2012ರಲ್ಲಿ ದಕ್ಷಿಣ ಏಷ್ಯಾ ಪುಸ್ತಕ ಪ್ರಶಸ್ತಿ ಪಡೆದವುಗಳಲ್ಲಿ ಜೆನ್ನಿ ಸ್ಯೂ ಕೊಸ್ಟೆಕಿ-ಶಾ ಎಂಬ ಅಮೆರಿಕನ್ ಲೇಖಕಿಯ ಚಿತ್ರಪುಸ್ತಕವೂ ಒಂದು. ಅಮೆರಿಕದ ಎಲಿಯಟ್ ಮತ್ತು ಭಾರತದ ಕೈಲಾಸ್ ಪರಸ್ಪರ ಪತ್ರ ಬರೆದು, ಚಿತ್ರ ಕಳುಹಿಸಿ, ತಮ್ಮ ಬಾಳು ಬೇರೆಯಾದರೂ ಒಂದೇ ಎಂಬುದನ್ನು ಕಂಡುಕೊಳ್ಳುವ ಕಥೆಯದು. ಹೊರಗಿನವರೂ ಪ್ರೀತಿಯಿಂದ ಗಮನಿಸಿದರೆ ಕಾಣಬಲ್ಲರು.

ಇನ್ನೊಂದು ಉದಾಹರಣೆ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. 2000ದಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಕಿರಿಯರ ವಿಭಾಗದಲ್ಲಿ ಗ್ಲೋರಿಯಾ ವೇಲನ್ ಅವರ 'ಹೋಮ್‌ಲೆಸ್ ಬರ್ಡ್'ಗೆ ಸಂದಿತು. ಹದಿಮೂರರ ಹರೆಯದಲ್ಲಿಯೇ ಮದುವೆಯಾಗಿ ವಿಧವೆಯಾದ ಕೋಲಿ ಎಂಬ ಬಾಲಿಕೆಯನ್ನು ವೃಂದಾವನದಲ್ಲಿ ತೊರೆದುಹೋಗುವ ಕಥೆ. ಲೇಖಕಿ ಭಾರತವನ್ನು ಕಾಣದೆಯೇ ಅದನ್ನು ಬರೆದರು. ಅನುಕಂಪವೇನೋ ಅದರಲ್ಲಿ ತುಂಬಿದೆ. ಬಾಲ್ಯವಿವಾಹವೂ ವಿಧವೆಯರ ಕಣ್ಣೀರೂ ಸುಳ್ಳಲ್ಲ. ಆದರೆ ದೂರದ ಊರಿನ ಮಗುವೊಂದು ಭಾರತದ ಬಗ್ಗೆ ಓದುವ ಏಕೈಕ ಪುಸ್ತಕ ಅದಾದರೆ, ಅದರ ಮನಸ್ಸಿನಲ್ಲಿ ಯಾವ ಭಾರತ ಉಳಿಯುತ್ತದೆ? ನಮ್ಮ ಕಷ್ಟಗಳಿಗೆ ಮಾತ್ರ ಪದಕ ದೊರೆಯುತ್ತಿದ್ದರೆ ನಮ್ಮ ಮನೆಗಳ ನಗು, ಜಗಳ, ಪಾಠಪುಸ್ತಕ, ಹಬ್ಬದಡಿಗೆ ಇವೆಲ್ಲ ಯಾರ ಕಣ್ಣಿಗೂ ಬೀಳಲಾರವು.

ಕಥೋಲಿಕ ಕುಟುಂಬಗಳು ವಿಶೇಷವಾಗಿ ಅರಿಯಬೇಕಾದ ಕೃತಿಯೊಂದಿದೆ. 2000ದ ಅಕ್ಟೋಬರ್ 1ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಚೀನಾದ 120 ರಕ್ತಸಾಕ್ಷಿಗಳನ್ನು ಸಂತರೆಂದು ಘೋಷಿಸಿದರು. ಅವರಲ್ಲಿ 87 ಮಂದಿ ಚೀನೀಯರು, 33 ಮಂದಿ ಹೊರನಾಡಿನ ಧರ್ಮಪ್ರಚಾರಕರು. ಬಹುಪಾಲು ಜನ 1900ರ ಬಾಕ್ಸರ್ ದಂಗೆಯಲ್ಲಿ ಮಡಿದವರು. ಚೀನಾ ಸರಕಾರ ಈ ಘೋಷಣೆಯನ್ನು ಕಟುವಾಗಿ ಖಂಡಿಸಿತು. ಕ್ಯಾಲಿಫೋರ್ನಿಯದ ಚೀನೀ ಕಥೋಲಿಕ ಸಮುದಾಯವೊಂದು ಇದನ್ನು ಹಬ್ಬವಾಗಿ ಆಚರಿಸಿದಾಗ, ಅಲ್ಲಿನ ಭಕ್ತರಲ್ಲೊಬ್ಬರಾದ ಜೀನ್ ಲೂಯೆನ್ ಯಾಂಗ್ ಎಂಬ ಚಿತ್ರಕಥೆಗಾರರು ಆ ಇತಿಹಾಸವನ್ನು ಓದತೊಡಗಿದರು. ಕಥೋಲಿಕ ಪ್ರೌಢಶಾಲೆಯೊಂದರಲ್ಲಿ ಅಧ್ಯಾಪಕರಾಗಿದ್ದ ಅವರು 2007ರಲ್ಲಿ ತರುಣರ ಸಾಹಿತ್ಯದ ಪ್ರಿಂಟ್ಜ್ ಪ್ರಶಸ್ತಿ ಪಡೆದಿದ್ದರು. ಚಿತ್ರಕಾದಂಬರಿಯೊಂದಕ್ಕೆ ಆ ಗೌರವ ಸಂದದ್ದು ಅದೇ ಮೊದಲು. ದಂಗೆಯನ್ನು ಕುರಿತು ಅವರು ಒಂದು ಪುಸ್ತಕ ಬರೆಯಲಿಲ್ಲ, ಎರಡು ಬರೆದರು. 2013ರಲ್ಲಿ 'ಬಾಕ್ಸರ್ಸ್' ಮತ್ತು 'ಸೇಂಟ್ಸ್' ಜೊತೆಯಾಗಿ ಹೊರಬಂದು, ನ್ಯಾಷನಲ್ ಬುಕ್ ಅವಾರ್ಡಿನ ಅಂತಿಮ ಸುತ್ತಿಗೇರಿದವು. ಲಾಸ್ ಏಂಜಲೀಸ್ ಟೈಮ್ಸ್ ಬಹುಮಾನವನ್ನೂ ಪಡೆದವು.

ಮೊದಲನೆಯದು ದಂಗೆಕೋರ ಬಾಲಕ ಬಾವ್‌ನ ಕಥೆ. ಅವನ ಹಳ್ಳಿಯ ಭೂದೇವತೆಯ ವಿಗ್ರಹವನ್ನು ಪರದೇಶದ ಪಾದ್ರಿಯೊಬ್ಬರು ಎಲ್ಲರ ಕಣ್ಣೆದುರು ಒಡೆದುಹಾಕುತ್ತಾರೆ. ಧರ್ಮಗುರುಗಳಾದ ನಮಗೆ ಓದಲು ಇರಿಸುಮುರಿಸಾಗುವ ಪುಟವಿದು. ಎರಡನೆಯದು ನಾಲ್ಕನೆಯ ಹೆಣ್ಣುಮಗುವಾಗಿ ಹುಟ್ಟಿ, ಹೆಸರಿನ ಭಾಗ್ಯವೂ ಇಲ್ಲದೆ ಬರಿಯ ಸಂಖ್ಯೆಯಿಂದ ಕರೆಯಲ್ಪಡುವ ಬಾಲಿಕೆಯ ಕಥೆ. ಸ್ನಾನದೀಕ್ಷೆಯಲ್ಲಿ ಅವಳಿಗೆ ಮೊದಲ ಬಾರಿ ಒಂದು ಹೆಸರು ದೊರೆಯುತ್ತದೆ: ವಿಬಿಯಾನಾ. ಹೆಸರು ಕೊಟ್ಟವರ ನಡುವೆ ಅವಳಿಗೊಂದು ಮನೆಯೂ ದೊರೆಯುತ್ತದೆ. ಕೊನೆಗೆ ಬಾವ್ ಮತ್ತು ವಿಬಿಯಾನಾ ಎದುರುಬದುರಾಗುತ್ತಾರೆ. ಒಂದು ಪುಸ್ತಕವನ್ನಷ್ಟೇ ಓದಿದವನಿಗೆ ಒಬ್ಬ ಶತ್ರು ಸಿಗುತ್ತಾನೆ; ಎರಡನ್ನೂ ಓದಿದವನಿಗೆ ಇಬ್ಬರು ಮಕ್ಕಳು ಕಾಣುತ್ತಾರೆ. ನಮ್ಮ ರಕ್ತಸಾಕ್ಷಿಗಳ ಮಹಿಮೆ ಇದರಿಂದ ಕುಂದಲಿಲ್ಲ. ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳಬಾರದೆಂಬ ಕಟ್ಟಳೆ ನಮ್ಮನ್ನು ಕೊಂದವನ ವಿಷಯದಲ್ಲಿಯೂ ಅನ್ವಯಿಸುತ್ತದೆಯಲ್ಲವೇ? ಪುಸ್ತಕದಲ್ಲಿ ರಕ್ತಪಾತದ ಚಿತ್ರಗಳಿರುವುದರಿಂದ ಚಿಕ್ಕ ಮಕ್ಕಳ ಕೈಗೆ ಕೊಡುವಂತಿಲ್ಲ. ಪ್ರೌಢಶಾಲೆಯ ಕೊನೆಯ ತರಗತಿಗಳಲ್ಲಿರುವವರು ತಂದೆತಾಯಂದಿರ ಜೊತೆಗೂಡಿ ಓದಿ ಚರ್ಚಿಸತಕ್ಕದ್ದು.

ಕಿರಿಯರಿಗೆ ಹೊಂದುವ ಮತ್ತೊಂದು ಪುಸ್ತಕ ಚೆನ್ನೈಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಸಾಗರವಿಜ್ಞಾನಿ ಪದ್ಮಾ ವೆಂಕಟರಾಮನ್ ಅವರ 'ದಿ ಬ್ರಿಜ್ ಹೋಮ್'. ಇದು 2020ರಲ್ಲಿ ವಾಲ್ಟರ್ ಡೀನ್ ಮೈಯರ್ಸ್ ಪ್ರಶಸ್ತಿಗೆ ಪಾತ್ರವಾಯಿತು. ತಂದೆಯ ಹೊಡೆತ ತಾಳಲಾರದೆ ಮನೆಬಿಟ್ಟ ವಿಜಿ, ಬುದ್ಧಿ ಬೆಳೆಯಲು ತಡವಾದ ಅವಳ ಅಕ್ಕ ರುಕ್ಕು, ಮುತ್ತು, ಅರುಳ್, ಈ ನಾಲ್ವರೂ ಚೆನ್ನೈಯ ಹಾಳು ಸೇತುವೆಯೊಂದರಲ್ಲಿ ಆಸರೆ ಪಡೆದು ಕಸ ಆಯ್ದು ಬದುಕುತ್ತಾರೆ. ಅರುಳ್ ಕ್ರೈಸ್ತ ಬಾಲಕ; ಅವನ ಕುಟುಂಬ ಕಡಲಿನ ದೈತ್ಯ ಅಲೆಗೆ ಬಲಿಯಾಗಿದೆ. ಅವನು ವಿಶ್ವಾಸ ಬಿಟ್ಟಿಲ್ಲ, ವಿಜಿಗೆ ವಿಶ್ವಾಸ ಬರುವುದಿಲ್ಲ. ಲೇಖಕಿ ಇಬ್ಬರನ್ನೂ ಗೌರವದಿಂದ ಕಾಣುತ್ತಾರೆ. ಇದೂ ಬಡತನದ ಕಥೆಯೇ. ಆದರೆ ಇಲ್ಲಿ ಮಕ್ಕಳು ಕರುಣೆಗಾಗಿ ಕೈಯೊಡ್ಡಿ ನಿಂತಿಲ್ಲ. ಆಡುತ್ತಾರೆ, ಚೌಕಾಸಿ ಮಾಡುತ್ತಾರೆ, ಒಬ್ಬರನ್ನೊಬ್ಬರು ಸಾಕುತ್ತಾರೆ.

ಇವೆಲ್ಲ ಇಂಗ್ಲಿಷ್ ಪುಸ್ತಕಗಳು. ಅಮೆರಿಕದ ಪೌರನೂ ನಿವಾಸಿಯೂ ಅಲ್ಲದ ಲೇಖಕನಿಗೆ ನ್ಯೂಬೆರಿ ಪದಕ ದೊರೆಯುವಂತೆಯೇ ಇಲ್ಲ. ಆದುದರಿಂದ ಏಷ್ಯಾದ ಮಕ್ಕಳಿಗಾಗಿ ಏಷ್ಯಾದ ಭಾಷೆಗಳಲ್ಲಿ ಬರೆದುದು ಆ ತಕ್ಕಡಿಗೆ ಬೀಳುವುದಿಲ್ಲ. ನಮ್ಮಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಬಾಲಸಾಹಿತ್ಯ ಪುರಸ್ಕಾರವನ್ನು ಕನ್ನಡ, ಕೊಂಕಣಿಗಳೂ ಸೇರಿದಂತೆ 24 ಭಾಷೆಗಳಲ್ಲಿ ನೀಡುತ್ತಿದೆ. ಮೊದಲ ವರ್ಷವೇ ಕನ್ನಡದಲ್ಲಿ ಬೊಳುವಾರು ಮಹಮದ್ ಕುಂಞಿಯವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ' ಆ ಗೌರವಕ್ಕೆ ಪಾತ್ರವಾಯಿತು. ನ್ಯಾಷನಲ್ ಬುಕ್ ಟ್ರಸ್ಟ್ 'ನೆಹರು ಬಾಲ ಪುಸ್ತಕಾಲಯ' ಮಾಲೆಯಲ್ಲಿ ಅಗ್ಗದ ಬೆಲೆಗೆ ಚಿತ್ರಪುಸ್ತಕಗಳನ್ನು ಹಲವು ಭಾರತೀಯ ಭಾಷೆಗಳಲ್ಲಿ ತಂದಿದೆ. ಹೊರದೇಶದ ಮುದ್ರೆಗೆ ಮಾರುಹೋಗುವ ನಮ್ಮ ಮನೆಗಳಲ್ಲಿ ಇವುಗಳಲ್ಲಿ ಒಂದಾದರೂ ಇದೆಯೇ?

ಪ್ರಶಸ್ತಿಗಳನ್ನು ಕಡೆಗಣಿಸಬೇಕೆಂದು ನಾವು ಹೇಳುತ್ತಿಲ್ಲ. ಸಾವಿರಾರು ಪುಸ್ತಕಗಳ ನಡುವೆ ಅವು ದಾರಿ ತೋರುವ ಕೈಮರಗಳು. ಕೈಮರ ನೋಡಿದ ಮೇಲೂ ನಡೆಯಬೇಕಾದವರು ನಾವೇ. ಮಗುವಿಗೆ ಪುಸ್ತಕ ಕೊಡುವ ಮುನ್ನ ಅದನ್ನು ಒಮ್ಮೆ ಓದಿ ಮೂರು ವಿಷಯಗಳನ್ನು ಪರೀಕ್ಷಿಸೋಣ. ಇದರಲ್ಲಿ ಬರುವ ಜನರು ತಮ್ಮ ನಿಜವಾದ ಹೆಸರುಗಳಿಂದ ಕರೆಯಲ್ಪಡುತ್ತಾರೆಯೇ? ಕಷ್ಟದ ಜೊತೆಗೆ ಅವರ ನಗುವೂ ಇದರಲ್ಲಿದೆಯೇ? ಆ ಜನಾಂಗದ ಮಗುವೊಂದು ನಮ್ಮ ಮಗುವಿನ ಪಕ್ಕದಲ್ಲಿ ಕುಳಿತು ಓದಿದರೆ ತಲೆತಗ್ಗಿಸಬೇಕಾಗುತ್ತದೆಯೇ? ಈ ಮೂರಕ್ಕೂ ಸಮಾಧಾನಕರ ಉತ್ತರ ದೊರೆತರೆ, ಮುದ್ರೆಯಿರಲಿ ಇಲ್ಲದಿರಲಿ, ಪುಸ್ತಕವನ್ನು ಧೈರ್ಯವಾಗಿ ಮಗುವಿನ ಕೈಗೆ ಕೊಡಬಹುದು.