ಕಿವಿಯ ವಿಚಾರಣೆ

ಕೊಲೆಯ ಕಥೆಯನ್ನು ಕೇಳುವ ಕುತೂಹಲವು ಮನುಷ್ಯನಿಗೆ ಹೊಸದಲ್ಲ. ಹೊಸದಾದುದು ಅದನ್ನು ತಣಿಸುವ ಸಾಧನ. ಹಿಂದೆ ರಾಯಚೂರಿನ ಕೋರ್ಟಿಗೆ ಹೋಗಿಬಂದವನು ಕಟ್ಟೆಯ ಮೇಲೆ ಕುಳಿತು ಹೇಳಿದಷ್ಟೇ ಊರಿಗೆ ತಿಳಿಯುತ್ತಿದ್ದಿತು. ಇಂದು ಯಾಪಲದಿನ್ನಿಯಂತಹ ಗ್ರಾಮದಲ್ಲಿಯೂ ಮೊಬೈಲುಳ್ಳವನು ಪಾಡ್‌ಕಾಸ್ಟೆಂಬ ಧ್ವನಿಮಾಲಿಕೆಯ ಮೂಲಕ ದೂರದೇಶದ ಕೊಲೆಯನ್ನು ಕಂತುಕಂತಾಗಿ ಕೇಳಬಲ್ಲನು. ಕೊನೆಯ ಕಂತು ಮುಗಿಯುವ ಹೊತ್ತಿಗೆ ಅವನ ತೀರ್ಪೂ ಸಿದ್ಧವಾಗಿರುತ್ತದೆ: ‘ಶಿಕ್ಷೆಯಾದವನು ಕೊಂದವನಲ್ಲ, ಕೋರ್ಟು ತಪ್ಪಿತು.’ ಈ ತೀರ್ಪಿನ ಬೆಲೆ ಎಷ್ಟೆಂಬುದನ್ನು ನಾವಿಂದು ವಿಚಾರಿಸಲಿಚ್ಛಿಸುತ್ತೇವೆ.

ಶಂಕೆಯನ್ನು ನಾವು ನಿಂದಿಸುವವರಲ್ಲ. ನ್ಯಾಯಾಧೀಶರೂ ಮನುಷ್ಯರೇ, ಆದುದರಿಂದಲೇ ಮೇಲ್ಮನವಿಯ ಮೆಟ್ಟಿಲುಗಳನ್ನು ಕಾನೂನು ಕಟ್ಟಿಟ್ಟಿದೆ. ಅಮೇರಿಕದ ಬಾಲ್ಟಿಮೋರಿನಲ್ಲಿ 1999ರಲ್ಲಿ ಹೇ ಮಿನ್ ಲೀ ಎಂಬ ವಿದ್ಯಾರ್ಥಿನಿಯ ಕೊಲೆಯಾಯಿತು. 2000ದಲ್ಲಿ ಅದ್ನಾನ್ ಸೈಯದನಿಗೆ ಶಿಕ್ಷೆಯಾಯಿತು. 2014ರಲ್ಲಿ ‘ಸೀರಿಯಲ್’ ಎಂಬ ಪಾಡ್‌ಕಾಸ್ಟು ಆ ಶಿಕ್ಷೆಯ ಆಧಾರಗಳನ್ನು ಹನ್ನೆರಡು ಕಂತುಗಳಲ್ಲಿ ಪರೀಕ್ಷಿಸಿತು, ಲೋಕವೆಲ್ಲ ಕಿವಿಗೊಟ್ಟಿತು. 2022ರಲ್ಲಿ ಸರ್ಕಾರಿ ವಕೀಲರೇ ಕೇಳಿಕೊಂಡ ಮೇರೆಗೆ ಶಿಕ್ಷೆ ರದ್ದಾಗಿ ಆತನು ಹೊರಬಂದನು. ಆದರೆ ಸತ್ತವಳ ಸಹೋದರನಿಗೆ ಆ ವಿಚಾರಣೆಯ ಸೂಚನೆಯನ್ನು ಸಕಾಲದಲ್ಲಿ ಕೊಡಲಿಲ್ಲವೆಂಬ ಕಾರಣದಿಂದ 2023ರಲ್ಲಿ ಅಪರಾಧನಿರ್ಣಯವು ಮರಳಿ ಸ್ಥಾಪಿತವಾಯಿತು. 2025ರಲ್ಲಿ ಆತನು ಅದುವರೆಗೆ ಅನುಭವಿಸಿದ ಸೆರೆವಾಸವೇ ಸಾಕೆಂದು ಕೋರ್ಟು ಹೇಳಿತಾದರೂ ಅಪರಾಧನಿರ್ಣಯವು ಹಾಗೆಯೇ ಉಳಿಯಿತು. ಕೇಳಿದವರೆಲ್ಲ ಮೊದಲೇ ಕೊಟ್ಟುಬಿಟ್ಟಿದ್ದ ತೀರ್ಪನ್ನು ನ್ಯಾಯಾಲಯವು ಕಾಲು ಶತಮಾನವಾದರೂ ಒಪ್ಪಲಿಲ್ಲ.

ನಮ್ಮ ನಾಡಿಗೇ ಬರೋಣ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು ಶಾಕಿರಾ ಖಲೀಲಿಯವರು 1991ರಲ್ಲಿ ಬೆಂಗಳೂರಿನಲ್ಲಿ ಕಾಣೆಯಾದರು. 1994ರಲ್ಲಿ ಅವರ ಮನೆಯ ಅಂಗಳದ ನೆಲವನ್ನು ಅಗೆದಾಗ ದೇಹದ ಅವಶೇಷಗಳು ದೊರೆತವು. ಅವರ ಎರಡನೆಯ ಪತಿ ಶ್ರದ್ಧಾನಂದನಿಗೆ 2005ರಲ್ಲಿ ಮರಣದಂಡನೆಯಾಯಿತು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2007ರಲ್ಲಿ ಅಪರಾಧದ ವಿಷಯದಲ್ಲಿ ಏಕಮತರಾಗಿ ಶಿಕ್ಷೆಯ ವಿಷಯದಲ್ಲಿ ಮಾತ್ರ ಭಿನ್ನರಾದರು. 2008ರಲ್ಲಿ ಮೂವರ ಪೀಠವು ಮರಣದಂಡನೆಯನ್ನು ತೆಗೆದು, ಜೀವವಿರುವವರೆಗೂ ಬಿಡುಗಡೆಯಿಲ್ಲದ ಸೆರೆವಾಸವನ್ನು ವಿಧಿಸಿತು. 2023ರಲ್ಲಿ ಈ ಪ್ರಕರಣದ ಸಾಕ್ಷ್ಯಚಿತ್ರಮಾಲಿಕೆ ಹೊರಬಂದಾಗ, ತಾನು ನಿರಪರಾಧಿಯೆಂಬ ಆತನ ವಾದವು ಆತನ ಬಾಯಿಂದಲೇ ಮನೆಮನೆಗೆ ಕೇಳಿಸಿತು.

ಬದುಕಿರುವವನಿಗೆ ಧ್ವನಿಯುಂಟು, ಸತ್ತವಳಿಗೆ ಅದಿಲ್ಲ. ಕಿವಿಯ ವಿಚಾರಣೆಯ ದೊಡ್ಡ ಕುಂದು ಇದೇ. ನಯವಾದ ಕಂಠ, ಹಿನ್ನೆಲೆಯ ಸಂಗೀತ, ಕಂತಿನ ಕೊನೆಯ ಕುತೂಹಲ, ಇವು ಯಾವುವೂ ಪುರಾವೆಗಳಲ್ಲ. ಪುರಾವೆಯನ್ನು ತೂಗುವ ಬಗೆಯನ್ನು ಸುಪ್ರೀಂ ಕೋರ್ಟು ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣದಲ್ಲಿ 1984ರಲ್ಲಿಯೇ ಐದು ಸೂತ್ರಗಳಾಗಿ ಹೇಳಿದೆ. ಅವುಗಳ ತಾತ್ಪರ್ಯವಿಷ್ಟು: ಕಣ್ಣಾರೆ ಕಂಡ ಸಾಕ್ಷಿಯಿಲ್ಲದಲ್ಲಿ ಸನ್ನಿವೇಶಗಳು ಪೂರ್ಣವಾಗಿ ಸಿದ್ಧಪಡಬೇಕು, ಅವು ಕೊಂಡಿಗೆ ಕೊಂಡಿ ಸೇರಿದ ಸರಪಳಿಯಂತಿರಬೇಕು, ಆರೋಪಿಯ ಅಪರಾಧವನ್ನುಳಿದು ಬೇರಾವ ಊಹೆಗೂ ಎಡೆಗೊಡಬಾರದು. ಪಾಡ್‌ಕಾಸ್ಟನ್ನು ಕೇಳುವವನು ‘ಈ ಕಥನವು ಸರಪಳಿಯ ಯಾವ ಕೊಂಡಿಯನ್ನು ಮುರಿಯಿತು?’ ಎಂದು ಪ್ರಶ್ನಿಸಿಕೊಳ್ಳಲಿ. ಉತ್ತರ ದೊರೆತರೆ ಅದು ಶಂಕೆ. ದೊರೆಯದಿದ್ದರೆ ಬರಿಯ ಮರುಕ.

ಇನ್ನು, ಶಂಕೆಯು ಅವಶ್ಯವಾದ ಸ್ಥಳದಲ್ಲಿ ಅದು ಇತ್ತೇ? ಕೊಡಗಿನ ಕುಶಾಲನಗರದ ಬಳಿಯ ಆದಿವಾಸಿ ಕೂಲಿಕಾರನೊಬ್ಬನು ಹೆಂಡತಿ ಕಾಣೆಯಾದಳೆಂದು ತಾನೇ ದೂರು ಕೊಟ್ಟನು. ಬೇರೆಡೆಯಲ್ಲಿ ದೊರೆತ ಅಸ್ಥಿಪಂಜರವು ಅವಳದೆಂದು ಹೇಳಿ ಪೊಲೀಸರು ಅವನನ್ನೇ ಕೊಲೆಗಾರನೆಂದು ಹಿಡಿದರು. ಡಿ.ಎನ್.ಎ. ಪರೀಕ್ಷೆಯು ಹೊಂದಲಿಲ್ಲ; ಆದರೂ ಅವನು ಸುಮಾರು ಒಂದೂವರೆ ವರ್ಷ ಸೆರೆಯಲ್ಲಿ ಕೊಳೆತನು. 2025ರ ಏಪ್ರಿಲಿನಲ್ಲಿ ‘ಸತ್ತ’ ಹೆಂಡತಿಯು ಮಡಿಕೇರಿಯಲ್ಲಿ ಜೀವಂತಳಾಗಿ ಕಾಣಿಸಿಕೊಂಡಳು. ಅದೇ ತಿಂಗಳು ಮೈಸೂರಿನ ನ್ಯಾಯಾಲಯವು ಅವನನ್ನು ದೋಷಮುಕ್ತಗೊಳಿಸಿತು. ಆ ಬಡವನು ಸೆರೆಯಲ್ಲಿದ್ದಾಗ ಅವನ ಕಥೆಯನ್ನು ಕಂತುಕಂತಾಗಿ ಕೇಳಿದವರು ಯಾರು? ಹೆಂಡತಿ ಬದುಕಿ ಬಾರದೇ ಹೋಗಿದ್ದರೆ ಅವನ ಗತಿ ಏನಾಗುತ್ತಿತ್ತು? ದೊಡ್ಡ ಮನೆತನದ ಕಥೆಗೆ ಶ್ರೋತೃಗಳು ಬೇಗ ದೊರೆಯುತ್ತಾರೆ; ಕೂಲಿಕಾರನಿಗೆ ಒಬ್ಬ ವಕೀಲನು ದೊರೆಯುವುದೂ ಕಷ್ಟ.

ಆದುದರಿಂದ ನಮ್ಮ ಬೇಡಿಕೆಗಳು ಎರಡು. ಕೊಲೆಯ ಕಥೆಯು ಕನ್ನಡದಲ್ಲಿ ಕಿವಿಗೆ ಬೀಳುತ್ತದೆ. ಹೈಕೋರ್ಟಿನ ತೀರ್ಪಾದರೋ ಸಂವಿಧಾನದ 348ನೆಯ ವಿಧಿಯ ಪ್ರಕಾರ ಇಂಗ್ಲಿಷಿನಲ್ಲಿ ಹೊರಡುತ್ತದೆ. ಪ್ರಜೆಯು ತೀರ್ಪನ್ನು ಓದಲಾರದೆ ಕಥೆಯನ್ನೇ ನಂಬಿದರೆ ದೋಷವು ಅವನೊಬ್ಬನದೇ? ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳು ಈಚೆಗೆ ಕನ್ನಡಕ್ಕೆ ಭಾಷಾಂತರವಾಗುತ್ತಿವೆ. ಕಲಬುರಗಿ ಪೀಠದಿಂದ ಹೊರಡುವ ನಮ್ಮ ಭಾಗದ ಕೊಲೆ ಮೊಕದ್ದಮೆಗಳ ತೀರ್ಪುಗಳೂ ಕನ್ನಡದಲ್ಲಿ ಜನರ ಕೈಸೇರಲಿ. ಎರಡನೆಯದು: ಬಂಧನದಲ್ಲಿರುವ ಪ್ರತಿಯೊಬ್ಬನಿಗೂ ಉಚಿತ ವಕೀಲನನ್ನು ಪಡೆಯುವ ಹಕ್ಕನ್ನು 1987ರ ಕಾನೂನು ಸೇವೆಗಳ ಕಾಯಿದೆಯು ಕೊಟ್ಟಿದೆ. ಆ ವಕೀಲನು ಸೆರೆಮನೆಗೆ ಹೋದನೇ, ಪುರಾವೆಗಳನ್ನು ಪರೀಕ್ಷಿಸಿದನೇ ಎಂಬುದನ್ನು ಜಿಲ್ಲೆಯ ಅಧಿಕಾರಿಗಳೂ ವಕೀಲ ಮಹಾಶಯರೂ ತಿಂಗಳು ತಿಂಗಳು ವಿಚಾರಿಸಲಿ.

ಬಾಲ್ಟಿಮೋರಿನ ಕೈದಿಗಾಗಿ ನಿಟ್ಟುಸಿರಿಡುವ ನಮ್ಮ ವಾಚಕರು ರಾಯಚೂರಿನ ಸೆರೆಮನೆಯಲ್ಲಿ ವಿಚಾರಣೆಯನ್ನು ಕಾಯುತ್ತಿರುವವನ ಕುರಿತೂ ಒಂದು ಪ್ರಶ್ನೆಯನ್ನು ಕೇಳುವರೆಂದು ನಂಬಿದ್ದೇವೆ.