ಮುಂದಿನ ಗಾಲಿ ಎದ್ದರೆ ಆಟವೋ, ಅಪಾಯವೋ?
ರೇಸ್ ಕಾರಿನ ಲೆಕ್ಕವೇ ಕಬ್ಬಿನ ಟ್ರ್ಯಾಕ್ಟರಿಗೂ

ಜಹೀರಾಬಾದ್: ಕಬ್ಬಿನ ಸುಗ್ಗಿ ಬಂತಂದ್ರೆ ಜಹೀರಾಬಾದ್, ನಾರಾಯಣಖೇಡ ಭಾಗದ ರಸ್ತೆಗಳಲ್ಲಿ ಈ ನೋಟ ಸಾಮಾನ್ಯ. ಹಿಂದೆ ತುಂಬಿದ ಟ್ರ್ಯಾಲಿ, ಎದುರಿಗೆ ದಿಬ್ಬ. ಚಾಲಕ ಕ್ಲಚ್ ಬಿಟ್ಟ ಕೂಡಲೇ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಟ್ಟು ಮೇಲೇಳುತ್ತವೆ. ದಂಡೆಗೆ ನಿಂತ ಹುಡುಗರು ಸಿಳ್ಳೆ ಹೊಡೀತಾರೆ.

ಇದನ್ನೇ ಬೇಕಂತಲೇ ಮಾಡುವ ಮೋಟಾರು ಆಟವೊಂದಿದೆ. ಅದು ಡ್ರ್ಯಾಗ್ ರೇಸ್. 402 ಮೀಟರಿನ ನೇರ ಹಾದಿ, ಎರಡು ಗಾಡಿ, ಹಸಿರು ದೀಪ. ಮೊದಲು ಮುಟ್ಟಿದವ ಗೆದ್ದ. ಚೆನ್ನೈ ಹತ್ತಿರದ ಟ್ರ್ಯಾಕಿನಲ್ಲಿ ನಡೆಯುವ ಬೈಕುಗಳ ರಾಷ್ಟ್ರೀಯ ಡ್ರ್ಯಾಗ್ ಸ್ಪರ್ಧೆಯಲ್ಲಿ ನಮ್ಮ ಬೆಂಗಳೂರಿನ ಹೇಮಂತ್ ಮುದ್ದಪ್ಪ ಹಲವು ಬಾರಿ ಚಾಂಪಿಯನ್ ಆಗಿದ್ದಾರೆ. ಇಂಜಿನ್ ದೊಡ್ಡದಿದ್ದರೆ ಸಾಕು, ಗೆಲುವು ಗ್ಯಾರಂಟಿ ಅಂತ ಬಹಳ ಜನ ತಿಳಿದಿದ್ದಾರೆ. ಆದರೆ ಆಟದ ಗುಟ್ಟು ಗಾಡಿಯ ಕೆಳಗಿದೆ, ಅಂದರೆ ಸಸ್ಪೆನ್ಷನ್ನಿನಲ್ಲಿ.

ತೂಕ ಹಿಂದಕ್ಕೆ ಸರಿಯುತ್ತದೆ

ಬಸ್ಸು ಜೋರಾಗಿ ಹೊರಟರೆ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ, ಗಾಡಿಯ ತೂಕವೂ ಹಾಗೇ. ಲೆಕ್ಕ ಸುಲಭ. 1000 ಕೆಜಿ ಕಾರು, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಎರಡೂವರೆ ಮೀಟರ್ ಅಂತರ, ತೂಕದ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರ ಅಂತಿಟ್ಟುಕೊಳ್ಳಿ. ಭೂಮಿಯ ಸೆಳೆತದ ಅರ್ಧದಷ್ಟು ವೇಗೋತ್ಕರ್ಷದಲ್ಲಿ ಹೊರಟರೆ ಸುಮಾರು 100 ಕೆಜಿ ಭಾರ ಮುಂದಿನ ಗಾಲಿಗಳಿಂದ ಹಿಂದಿನವಕ್ಕೆ ಹೋಗುತ್ತದೆ. ಹಿಂದಿನ ಗಾಲಿ ಓಡಿಸುವ ಗಾಡಿಗೆ ಇದು ಲಾಭ. ಟೈರು ನೆಲ ಕಚ್ಚುತ್ತದೆ, ಸುಮ್ಮನೆ ಗಿರಗಿರ ತಿರುಗುವುದಿಲ್ಲ.

ಅದಕ್ಕೇ ಡ್ರ್ಯಾಗ್ ಕಾರಿನ ಮುಂದಿನ ಸ್ಪ್ರಿಂಗು ಮೆದು. ಶಾಕ್ ಅಬ್ಸಾರ್ಬರನ್ನೂ ಮೇಲೇಳಲು ಸಲೀಸು, ಕೆಳಗಿಳಿಯಲು ಬಿಗಿ ಆಗುವಂತೆ ಇಡುತ್ತಾರೆ. ಮೂತಿ ಬೇಗ ಎದ್ದು ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತದೆ. ಸ್ಪ್ರಿಂಗ್ ಮೆದು ಮಾಡಿದರೆ ಭಾರವೇ ಜಾಸ್ತಿ ಸರಿಯುತ್ತದೆ ಅನ್ನೋದು ತಪ್ಪು ತಿಳಿವಳಿಕೆ. ಎಷ್ಟು ಭಾರ ಸರಿಯಬೇಕೆಂಬುದನ್ನು ಎತ್ತರ, ಉದ್ದ ಮತ್ತು ವೇಗೋತ್ಕರ್ಷ ತೀರ್ಮಾನಿಸುತ್ತವೆ. ಅದು ಎಷ್ಟು ಬೇಗ, ಎಷ್ಟು ನಯವಾಗಿ ಟೈರಿಗೆ ತಲುಪಬೇಕು ಅನ್ನೋದಷ್ಟೇ ಸ್ಪ್ರಿಂಗು, ಶಾಕಿನ ಕೆಲಸ.

ಇದಕ್ಕೆ ಬೆಲೆಯೂ ಕೊಡಬೇಕು. ಮೂತಿ ಎದ್ದ ಗಾಡಿಗೆ ಸ್ಟೇರಿಂಗ್ ಹಿಡಿತ ಕಡಿಮೆ. ಬ್ರೇಕ್ ಒತ್ತಿದಾಗ ಮುಂದಕ್ಕೆ ಮುಗ್ಗರಿಸುತ್ತದೆ, ತಿರುವಿನಲ್ಲಿ ಓಲಾಡುತ್ತದೆ. ನೇರ ಪಟ್ಟಿಯಲ್ಲಿ ಗೆಲ್ಲುವ ಗಾಡಿ ಊರ ರಸ್ತೆಗೆ ನಾಲಾಯಕ್. ಇನ್ನು ಸ್ವಿಫ್ಟ್, ಐ20 ಥರದ ಮುಂದಿನ ಗಾಲಿ ಎಳೆಯುವ ಕಾರುಗಳಿಗೆ ಎಲ್ಲವೂ ಉಲ್ಟಾ. ತೂಕ ಹಿಂದೆ ಹೋದಷ್ಟೂ ಎಳೆಯುವ ಗಾಲಿಯ ಹಿಡಿತ ತಪ್ಪುತ್ತದೆ. ಅಲ್ಲಿ ಹಿಂಭಾಗ ಬಿಗಿ ಮಾಡಿ, ಮೂತಿ ಏಳದಂತೆ ತಡೆಯಬೇಕು.

ಪಟ್ಟಾ ಸುತ್ತಿಕೊಂಡಾಗ

ತಾಂಡೂರಿನ ಹಾಸುಗಲ್ಲು ಹೊರುವ ಲಾರಿಯವರಿಗೆ, ಪಿಕಪ್ ಓಡಿಸುವವರಿಗೆ ಕಮಾನ್ ಪಟ್ಟಾ ಹೊಸದಲ್ಲ. ಜೋರಾಗಿ ಎತ್ತಿದಾಗ ಹಿಂದಿನ ಆಕ್ಸಲ್ ತಿರುಚಿಕೊಂಡು ಪಟ್ಟಾ ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗುತ್ತದೆ. ಬಿಟ್ಟು ಹಿಡಿದು ಗಾಲಿ ಕುಣಿಯುತ್ತದೆ. ಹೀಗೇ ಕುಣಿಯುತ್ತಿದ್ದರೆ ಯೂನಿವರ್ಸಲ್ ಜಾಯಿಂಟಿಗೂ ಪೆಟ್ಟು. ರೇಸಿನವರು ಆಕ್ಸಲಿನಿಂದ ಮುಂದಕ್ಕೆ ಕಬ್ಬಿಣದ ಅಡ್ಡೆ ಕಟ್ಟಿ ಈ ತಿರುಚನ್ನು ತಡೆಯುತ್ತಾರೆ. ಪಟ್ಟಾ ಒಂದರ ಮೇಲೊಂದು ಏರಿಸಿದರೆ ಹೇರು ತಡೆದೀತು, ಆದರೆ ಖಾಲಿ ಗಾಡಿ ತಗ್ಗು-ದಿಣ್ಣೆಯಲ್ಲಿ ನೆಗೆದು ಹಿಡಿತ ಬಿಡುತ್ತದೆ.

ಟ್ರ್ಯಾಕ್ಟರಿಗೆ ಹಿಂದೆ ಸ್ಪ್ರಿಂಗೇ ಇಲ್ಲ

ಅಮೆರಿಕದ ಅತಿ ವೇಗದ ಟಾಪ್ ಫ್ಯುಯೆಲ್ ಡ್ರ್ಯಾಗ್ ಗಾಡಿಗಳಿಗೆ ಸಸ್ಪೆನ್ಷನ್ ಇರುವುದಿಲ್ಲ. ಉದ್ದನೆಯ ಚಾಸಿಸ್ ಬಾಗುವುದೇ, ದೊಡ್ಡ ಟೈರು ಮುದುಡುವುದೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ನಮ್ಮ ಟ್ರ್ಯಾಕ್ಟರಿನ ಹಿಂದಿನ ಆಕ್ಸಲೂ ಹೀಗೇ ಬಿಗಿ. ಫರಕು ಏನಂದ್ರೆ, ರೇಸ್ ಗಾಡಿ ಉದ್ದ, ಹಿಂದೆ ತಲೆಕೆಳಗಾಗದಂತೆ ಪುಟ್ಟ ಗಾಲಿಯ ಅಡ್ಡೆ ಇರುತ್ತದೆ. ಟ್ರ್ಯಾಕ್ಟರ್ ಗಿಡ್ಡ, ಎತ್ತರ, ಅಂಥ ಅಡ್ಡೆ ಇಲ್ಲ.

ಜಹೀರಾಬಾದಿಗೆ ಟ್ರ್ಯಾಕ್ಟರ್ ಹೊಸ ವಸ್ತುವಲ್ಲ. ಹಿಂದೆ ಆಲ್ವಿನ್ ನಿಸ್ಸಾನ್ ಲಾರಿಗಳು ತಯಾರಾಗುತ್ತಿದ್ದ ಈ ಊರಲ್ಲಿ 2013ರಲ್ಲಿ ಮಹೀಂದ್ರಾ ಟ್ರ್ಯಾಕ್ಟರ್ ಕಾರ್ಖಾನೆ ಶುರುವಾಯಿತು. ಆದರೂ ಒಂದು ಮಾತು ಮನೆಮನೆಗೆ ಮುಟ್ಟಿಲ್ಲ. ಹಿಂದಿನ ಗಾಲಿ ಕೆಸರಲ್ಲಿ ಸಿಕ್ಕಾಗ ಕ್ಲಚ್ ಫಟ್ಟನೆ ಬಿಟ್ಟರೆ, ತಿರುಗಲಾರದ ಗಾಲಿಯ ಸುತ್ತ ಟ್ರ್ಯಾಕ್ಟರೇ ತಿರುಗುತ್ತದೆ. ಹಿಂದಕ್ಕೆ ಮಗುಚಲು ಒಂದೂವರೆ ಸೆಕೆಂಡ್ ಸಾಕು. ಬ್ರೇಕಿನತ್ತ ಕಾಲು ಹೋಗುವುದರೊಳಗೆ ಮುಗಿದಿರುತ್ತದೆ.

ಉಪಾಯಗಳು ದುಬಾರಿಯಲ್ಲ. ಟ್ರ್ಯಾಲಿಯನ್ನು ಕೆಳಗಿನ ಡ್ರಾಬಾರಿಗೇ ಜೋಡಿಸಿ. ಕೊಂಡಿ ಎತ್ತರವಾದಷ್ಟೂ ಮೂತಿ ಬೇಗ ಏಳುತ್ತದೆ. ಮುಂದೆ ಕಬ್ಬಿಣದ ತೂಕ ಹಾಕಿಸಿ. ಕೆಳ ಗೇರಿನಲ್ಲಿ ಕ್ಲಚ್ ನಿಧಾನ ಬಿಡಿ. ಕೆಸರಲ್ಲಿ ಸಿಕ್ಕರೆ ಆದಷ್ಟು ಹಿಂದಕ್ಕೇ ತೆಗೆಯಿರಿ. ಮಡ್‌ಗಾರ್ಡ್ ಮೇಲೆ ಯಾರನ್ನೂ ಕೂಡಿಸಬೇಡಿ. ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಚಾಲಕನನ್ನು ಕಾಯುವ ಗಟ್ಟಿ ಚೌಕಟ್ಟು ಕಡ್ಡಾಯ ಮಾಡಿತು, ಮಗುಚಿ ಸಾಯುವವರ ಸಂಖ್ಯೆ ಅಲ್ಲಿ ಬಹಳ ಇಳಿಯಿತು. ಚೌಕಟ್ಟು ಇದ್ದರೆ ಸೀಟ್ ಬೆಲ್ಟ್ ಕಟ್ಟಲೇಬೇಕು.

ರಸ್ತೆ ರೇಸಿಗಲ್ಲ

ಪಂಜಾಬಿನಲ್ಲಿ 2023ರ ಅಕ್ಟೋಬರಿನಲ್ಲಿ ಮೇಳವೊಂದರಲ್ಲಿ ಟ್ರ್ಯಾಕ್ಟರಿನ ಮೂತಿ ಎತ್ತಿ ಸಾಹಸ ತೋರಿಸುತ್ತಿದ್ದ ಯುವಕನೊಬ್ಬ ಅದೇ ಟ್ರ್ಯಾಕ್ಟರಿನಡಿ ಸಿಕ್ಕು ಸತ್ತ. ಸರಕಾರ ಅಂಥ ಆಟಗಳನ್ನೇ ನಿಷೇಧಿಸಿತು. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಹಚ್ಚಿದರೆ 2019ರ ತಿದ್ದುಪಡಿ ಪ್ರಕಾರ ಮೊದಲ ಸಲ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ.

ಬೀದರ, ಸೇಡಂ ಕಡೆಯಿಂದ ಗಡಿ ದಾಟಿ ಬರುವ ಹೇರು ಗಾಡಿಗಳಿಗೂ, ಇಲ್ಲಿಂದ ಆ ಕಡೆ ಹೋಗುವವಕ್ಕೂ ಈ ಮಾತು ಒಂದೇ. ಸುಗ್ಗಿಗೆ ಮುಂಚೆ ಒಂದು ಸಲ ಕೊಂಡಿ, ತೂಕ, ಬ್ರೇಕು ನೋಡಿಸಿಕೊಳ್ಳಿ. ಹೊಸದಾಗಿ ಸ್ಟೇರಿಂಗ್ ಹಿಡಿದ ಹುಡುಗ ಮನೆಯಲ್ಲಿದ್ದರೆ ಮೊದಲು ಖಾಲಿ ಟ್ರ್ಯಾಲಿಯಲ್ಲಿ ಕ್ಲಚ್ ಬಿಡುವುದನ್ನು ಕಲಿಸಿ, ಆಮೇಲೆ ಹೇರು ಕೊಡಿ.